ಗುದನಾಳದ ಕ್ಯಾನ್ಸರ್: ಹರಡುವ ದಾರಿ, ಬಿಡಿಸುವ ಪದರ



ಸಾಂಗ್ಲಿವಾಡಿಯ ಈ ಸಭೆಯಲ್ಲಿ ಕೂತವರಲ್ಲಿ ಹಲವರು ಸಾಂಗ್ಲಿಯಿಂದ ಕೃಷ್ಣೆಯ ಮೇಲಿನ 1929ರ ಆಯರ್ವಿನ್ ಸೇತುವೆ ದಾಟಿ ಬಂದವರು. ಉಳಿದವರು ಮಿರಜ, ಜತ್ತ, ಕಾಗವಾಡ, ಅಥಣಿ ಕಡೆಯವರು. ಈ ಸೀಮೆಗೂ ಮಿರಜಿನ ದವಾಖಾನೆಗಳಿಗೂ ನೂರು ವರ್ಷ ಮೀರಿದ ನಂಟು. ಕೆನಡಾದಲ್ಲಿ ಹುಟ್ಟಿ ಬೆಳೆದ ಡಾ. ವಿಲಿಯಂ ವಾನ್ಲೆಸ್ 1889ರಲ್ಲಿ ಭಾರತಕ್ಕೆ ಹೊರಟರು. ಮೊದಲು ಸಾಂಗ್ಲಿಯಲ್ಲಿ ಕೆಲಸ ಮಾಡಿ, ಆಮೇಲೆ ಮಿರಜಿನಲ್ಲಿ ನೆಲೆನಿಂತರು. 1894ರಲ್ಲಿ ಅಲ್ಲಿ ಮಿಶನ್ ಆಸ್ಪತ್ರೆ ತೆರೆಯಿತು, ಮೂರು ವರ್ಷದೊಳಗೆ ವೈದ್ಯಕೀಯ ಶಾಲೆಯೂ ಶುರುವಾಯಿತು. ಆಗಿನಿಂದ ಇಂದಿನವರೆಗೆ, ಊರ ಡಾಕ್ಟರರ ಕೈಮೀರಿದ ರೋಗಿಯನ್ನು ರಾಯಬಾಗ, ಜಮಖಂಡಿಗಳ ಜನ ರೈಲಿಗೋ ಜೀಪಿಗೋ ಹತ್ತಿಸಿ ಮಿರಜಿಗೆ ಕರೆತರುತ್ತಲೇ ಇದ್ದಾರೆ. ಹಾಗೆ ಬರುವವರಲ್ಲಿ ಒಂದು ಗುಂಪು ತನ್ನ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳಲು ನಾಚುತ್ತದೆ. ಗುದನಾಳದ ಕ್ಯಾನ್ಸರಿನವರು ಅವರು. ಈ ವರ್ಷದ ದತ್ತಿ ಉಪನ್ಯಾಸ ಅವರ ಕುರಿತದ್ದು.

ಇಲ್ಲಿ ನಾಲ್ಕು ಸಂಗತಿಗಳು ಬರುತ್ತವೆ. ಈ ರೋಗ ದುಗ್ಧಗ್ರಂಥಿಗಳಿಗೆ ಯಾವ ದಾರಿಯಲ್ಲಿ ಹರಡುತ್ತದೆ ಎಂಬುದು ಮೊದಲನೆಯದು. ಆ ದಾರಿ ತಿಳಿದಂತೆಲ್ಲ ಶಸ್ತ್ರಕ್ರಿಯೆ ಹೇಗೆ ಬದಲಾಯಿತು ಎಂಬುದು ಎರಡನೆಯದು. ಹೆಚ್ಚು ಹೊತ್ತು ಹಿಡಿಯುವುದು ಅದೇ. ಪಕ್ಕದ ಗ್ರಂಥಿಗಳ ಬಗ್ಗೆ ಜಪಾನಿನವರಿಗೂ ಯುರೋಪಿನವರಿಗೂ ನಡೆದ ವಾದ ಮೂರನೆಯದು. ಕೊನೆಗೆ, ನಮ್ಮ ಸೀಮೆಯ ರೋಗಿ ಮತ್ತು ಅವನ ಮನೆಯವರು ತಿಳಿದಿರಬೇಕಾದ ವಿಷಯ. ಇಡೀ ಉಪನ್ಯಾಸದ ವಾದ ಒಂದೇ: ಈ ರೋಗದಲ್ಲಿ ಎಷ್ಟು ಕೊಯ್ದರು ಎನ್ನುವುದಕ್ಕಿಂತ ಯಾವ ಪದರದಲ್ಲಿ ಬಿಡಿಸಿದರು ಎನ್ನುವುದು ರೋಗಿಯ ಆಯುಷ್ಯವನ್ನು ಹೆಚ್ಚು ನಿರ್ಧರಿಸುತ್ತದೆ. ಆ ಪದರ ಹಿಡಿಯುವುದನ್ನು ಕಲಿಸಬಹುದು, ಕಲಿಯಬಹುದು.

ಮೊದಲು ದೇಹದ ಒಳಗಿನ ನಕ್ಷೆ. ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಭಾಗವೇ ಗುದನಾಳ. ಅದು ಸೊಂಟದ ಎಲುಬುಗಳ ಬಟ್ಟಲಿನಲ್ಲಿ ಇಕ್ಕಟ್ಟಾಗಿ ಕೂತಿದೆ. ಹಿಂದೆ ತ್ರಿಕಾಸ್ಥಿ, ಮುಂದೆ ಗಂಡಸರಲ್ಲಿ ಮೂತ್ರಕೋಶ ಮತ್ತು ಪ್ರಾಸ್ಟೇಟ್, ಹೆಂಗಸರಲ್ಲಿ ಗರ್ಭಕೋಶ ಮತ್ತು ಯೋನಿ. ನಾಳದ ಸುತ್ತ ಹಳದಿ ಕೊಬ್ಬಿನ ದಪ್ಪ ಹೊದಿಕೆ ಇದೆ. ವೈದ್ಯರು ಅದಕ್ಕೆ ಮೆಸೋರೆಕ್ಟಮ್ ಎನ್ನುತ್ತಾರೆ. ರಕ್ತನಾಳ, ದುಗ್ಧನಾಳ, ದುಗ್ಧಗ್ರಂಥಿ ಎಲ್ಲವೂ ಆ ಕೊಬ್ಬಿನೊಳಗೇ ಹುದುಗಿವೆ. ಕೊಬ್ಬಿನ ಹೊರಮೈಗೆ ತೆಳ್ಳಗಿನ, ಹೊಳೆಯುವ ಒಂದು ಪೊರೆ. ಈ ಪೊರೆಯನ್ನು ಸಭಿಕರು ನೆನಪಿಡಬೇಕು. ಮುಂದಿನ ಕತೆಯೆಲ್ಲ ಅದರ ಸುತ್ತಲೇ ನಡೆಯುತ್ತದೆ.

ಕ್ಯಾನ್ಸರ್ ಹುಟ್ಟುವುದು ನಾಳದ ಒಳಪೊರೆಯಲ್ಲಿ. ಅಲ್ಲಿಯೇ ಇರುವಷ್ಟು ಕಾಲ ಗ್ರಂಥಿಗಳಿಗೆ ಹರಡುವ ಭಯವಿಲ್ಲವೆನ್ನಬಹುದು. ಅದರ ಕೆಳಗಿನ ಪದರಕ್ಕೆ ಇಳಿದ ಮೇಲೆ ಹತ್ತು ಜನರಲ್ಲಿ ಒಬ್ಬರಿಗೆ ಗ್ರಂಥಿಯಲ್ಲಿ ರೋಗ ಸಿಗುತ್ತದೆ. ಸ್ನಾಯುವಿಗೆ ಇಳಿದರೆ ಐದರಲ್ಲಿ ಒಬ್ಬರಿಗೆ. ಸ್ನಾಯು ದಾಟಿ ಕೊಬ್ಬಿಗೆ ಬಂತೆಂದರೆ ಲೆಕ್ಕ ಇನ್ನೂ ಏರುತ್ತದೆ.

ಹರಡುವ ಹೆದ್ದಾರಿ ಮೇಲ್ಮುಖದ್ದು. ಗುದನಾಳಕ್ಕೆ ರಕ್ತ ತರುವ ಅಪಧಮನಿಯ ಜೊತೆಜೊತೆಗೆ ದುಗ್ಧನಾಳಗಳು ಮೇಲೇರಿ, ಮಹಾಪಧಮನಿಯಿಂದ ಆ ಕವಲು ಒಡೆಯುವ ಬುಡದವರೆಗೆ ಹೋಗುತ್ತವೆ. ಆದ್ದರಿಂದಲೇ ಶಸ್ತ್ರವೈದ್ಯರು ಆ ರಕ್ತನಾಳವನ್ನು ಎತ್ತರದಲ್ಲಿ ಕಟ್ಟಿ ಕತ್ತರಿಸುತ್ತಾರೆ. ಗುದನಾಳದ ಕೆಳಭಾಗದ ಗಡ್ಡೆಗೆ ಇನ್ನೊಂದು ಒಳದಾರಿಯೂ ಉಂಟು. ಅದು ಪಕ್ಕಕ್ಕೆ, ಸೊಂಟದ ಗೋಡೆಯ ರಕ್ತನಾಳಗಳ ಬದಿಯ ಗ್ರಂಥಿಗಳಿಗೆ ಹೋಗುತ್ತದೆ. ಗುದದ್ವಾರದ ಅಂಚಿನವರೆಗೆ ಬೆಳೆದ ಗಡ್ಡೆ ತೊಡೆಸಂದಿನ ಗ್ರಂಥಿಗಳಿಗೂ ತಲುಪಬಹುದು.

ಗ್ರಂಥಿಗಳ ಎಣಿಕೆಯಿಂದ ರೋಗದ ಹಂತ ತಿಳಿಯುತ್ತದೆ. ಒಂದರಿಂದ ಮೂರು ಗ್ರಂಥಿಗಳಲ್ಲಿ ಕ್ಯಾನ್ಸರ್ ಇದ್ದರೆ ಒಂದು ಹಂತ, ನಾಲ್ಕು ಅಥವಾ ಹೆಚ್ಚು ಇದ್ದರೆ ಅದಕ್ಕೂ ಮುಂದಿನದು. ಎಣಿಕೆ ನಂಬುವಂತಿರಬೇಕಾದರೆ ತೆಗೆದ ಭಾಗದಲ್ಲಿ ಕನಿಷ್ಠ 12 ಗ್ರಂಥಿಗಳನ್ನಾದರೂ ಹುಡುಕಿ ಪರೀಕ್ಷಿಸಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿದ ಮಾತು. ಮೊದಲೇ ರೇಡಿಯೇಶನ್ ಆಗಿದ್ದರೆ ಗ್ರಂಥಿಗಳು ಕುಗ್ಗಿ ಕಡಿಮೆ ಸಿಗುತ್ತವೆ, ಅದು ಬೇರೆ ಮಾತು. ಒಂದು ಕಾಲಕ್ಕೆ ವೈದ್ಯರು, ಕ್ಯಾನ್ಸರ್ ಗ್ರಂಥಿಯಿಂದ ಗ್ರಂಥಿಗೆ ಮೆಟ್ಟಿಲು ಹತ್ತಿ, ಕೊನೆಗೆ ಯಕೃತ್ತಿಗೋ ಶ್ವಾಸಕೋಶಕ್ಕೋ ಹಾರುತ್ತದೆ ಎಂದು ತಿಳಿದಿದ್ದರು. 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 17 ರೋಗಿಗಳ ಗಡ್ಡೆಗಳ ವಂಶವೃಕ್ಷ ಬಿಡಿಸಿ ನೋಡಿತು. ಸುಮಾರು 65 ಪ್ರತಿಶತ ರೋಗಿಗಳಲ್ಲಿ ಗ್ರಂಥಿಗೆ ಹೋದ ಕ್ಯಾನ್ಸರ್ ಕೋಶಗಳೂ ದೂರದ ಅಂಗಕ್ಕೆ ಹೋದವೂ ಮೂಲಗಡ್ಡೆಯ ಬೇರೆಬೇರೆ ಕವಲುಗಳಿಂದ ಹೊರಟಿದ್ದವು. ಅಂದರೆ ಗ್ರಂಥಿಗಳನ್ನೆಲ್ಲ ಗುಡಿಸಿ ತೆಗೆದರೂ ಕೆಲವರಿಗೆ ಯಕೃತ್ತಿನಲ್ಲಿ ರೋಗ ಏಕೆ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಒಂದು ಕಾರಣ ಸಿಕ್ಕಿತು. ಕೀಮೋಥೆರಪಿಯ ಮಾತು ಬರುವುದು ಇಲ್ಲಿಯೇ.

ಇನ್ನು ಎರಡನೆಯ ಭಾಗ, ಶಸ್ತ್ರಕ್ರಿಯೆಯ ಇತಿಹಾಸ.

ವಾನ್ಲೆಸ್ ಅವರು ಮಿರಜಿನಲ್ಲಿ ಕೆಲಸದಲ್ಲಿದ್ದ ಕಾಲದಲ್ಲೇ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಎಂಬ ಶಸ್ತ್ರವೈದ್ಯರು ಗುದನಾಳದ ಕ್ಯಾನ್ಸರನ್ನು ಕೆಳಗಿನಿಂದ, ಆಸನದ ಕಡೆಯಿಂದ ಕೊಯ್ದು ತೆಗೆಯುತ್ತಿದ್ದರು. 1899ರಿಂದ 1906ರ ನಡುವೆ ಅವರು ಮಾಡಿದ ಅಂಥ ಶಸ್ತ್ರಕ್ರಿಯೆಗಳು 57. ಅವರಲ್ಲಿ 54 ಜನರಿಗೆ ರೋಗ ಮರಳಿತು. ಮೈಲ್ಸ್ ತಮ್ಮ ಸೋಲನ್ನು ಮುಚ್ಚಿಡಲಿಲ್ಲ. ತೀರಿಕೊಂಡ ರೋಗಿಗಳ ದೇಹಗಳನ್ನು ಪರೀಕ್ಷಿಸಿ, ರೋಗ ಮರುಕಳಿಸಿದ್ದು ಎಲ್ಲಿ ಎಂದು ಗುರುತು ಹಾಕಿಕೊಂಡರು. ಕೆಳಗಿನಿಂದ ಹೋದ ಕೈಗೆ ಎಟುಕದೆ ಉಳಿದ, ಮೇಲಿನ ಗ್ರಂಥಿಗಳಲ್ಲಿ ಅದು ಕೂತಿತ್ತು. 1908ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ಹೊಸ ವಿಧಾನ ಪ್ರಕಟಿಸಿದರು. ಹೊಟ್ಟೆಯಿಂದಲೂ ಕೆಳಗಿನಿಂದಲೂ ಹೋಗಿ ಗುದನಾಳ, ಗುದದ್ವಾರ, ಮೇಲಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆದು, ಹೊಟ್ಟೆಯ ಮೇಲೆ ಶಾಶ್ವತ ಮಲದ್ವಾರ ಮಾಡುವುದು. ಮೊದಲ 12 ರೋಗಿಗಳಲ್ಲಿ ಐವರು ಶಸ್ತ್ರಕ್ರಿಯೆಯ ಆಘಾತಕ್ಕೇ ತೀರಿಕೊಂಡರು. ಆದರೂ ರೋಗ ಮರುಕಳಿಸುವುದು ಗಣನೀಯವಾಗಿ ತಗ್ಗಿತು. ಮುಂದೆ ಅರ್ಧ ಶತಮಾನ ಜಗತ್ತು ಅದನ್ನೇ ಅನುಸರಿಸಿತು.

ರೋಗ ಹರಡುವುದಕ್ಕೆ ಮೈಲ್ಸ್ ಹೇಳಿದ್ದು ಮೂರು ದಿಕ್ಕು: ಮೇಲೆ, ಪಕ್ಕ, ಕೆಳಗೆ. ಲಂಡನ್ನಿನದೇ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕಥ್‌ಬರ್ಟ್ ಡ್ಯೂಕ್ಸ್, ತೆಗೆದ ಗುದನಾಳಗಳನ್ನು ಒಂದೊಂದಾಗಿ ಪರಿಶೀಲಿಸಿ, ಕೆಳಮುಖದ ಹರಡುವಿಕೆ ಅಪರೂಪ ಎಂದು ತೋರಿಸಿದರು. ಗಡ್ಡೆ ಗೋಡೆಯೊಳಗೆ, ಗೋಡೆ ದಾಟಿ, ಗ್ರಂಥಿ ತಲುಪಿ ಎಂಬ ಅವರ 1932ರ ಎ, ಬಿ, ಸಿ ವಿಂಗಡಣೆ ಇಂದಿಗೂ ಹಳೆಯ ವೈದ್ಯರ ಬಾಯಲ್ಲಿದೆ. ಕೆಳಗೆ ಹರಡುವುದು ಅಪರೂಪವಾದರೆ ಗುದದ್ವಾರವನ್ನು ಯಾಕೆ ತೆಗೆಯಬೇಕು? ಅಮೆರಿಕದ ಮೇಯೋ ಕ್ಲಿನಿಕ್ಕಿನ ಕ್ಲಾಡ್ ಡಿಕ್ಸನ್ 1948ರ ಹೊತ್ತಿಗೆ, ಮೇಲ್ಭಾಗದ ಗಡ್ಡೆಗಳಲ್ಲಿ ನಾಳವನ್ನು ಕತ್ತರಿಸಿ ಮತ್ತೆ ಜೋಡಿಸಬಹುದೆಂದು ಸಾಬೀತು ಮಾಡಿದರು. 1970ರ ದಶಕದಲ್ಲಿ ದುಂಡನೆಯ ಸ್ಟೇಪ್ಲರ್ ಬಂದ ಮೇಲೆ, ಕೈಹೊಲಿಗೆ ಎಟುಕದ ಆಳದಲ್ಲೂ ಜೋಡಿಸುವುದು ಸಾಧ್ಯವಾಯಿತು. ಗಡ್ಡೆಯ ಕೆಳಗೆ 5 ಸೆಂಟಿಮೀಟರ್ ಆರೋಗ್ಯದ ಕರುಳು ಬಿಡಬೇಕೆಂಬ ನಿಯಮ 2ಕ್ಕೆ ಇಳಿಯಿತು, ತೀರಾ ಕೆಳಗಿನ ಗಡ್ಡೆಗಳಲ್ಲಿ 1ಕ್ಕೂ.

ಇಷ್ಟಾದರೂ ಒಂದು ಸಮಸ್ಯೆ ಕಾಡುತ್ತಲೇ ಇತ್ತು. ನಾಳವನ್ನು ತೆಗೆದ ಜಾಗದಲ್ಲೇ, ಸೊಂಟದ ಬಟ್ಟಲಲ್ಲೇ, ಎಷ್ಟೋ ಜನರಿಗೆ ಕ್ಯಾನ್ಸರ್ ಮತ್ತೆ ಬೆಳೆಯುತ್ತಿತ್ತು. ನಾರ್ವೆಯಲ್ಲಿ 1980ರ ದಶಕದ ಲೆಕ್ಕ ತೆಗೆದಾಗ ಹಾಗೆ ಮರುಕಳಿಸಿದ್ದು 28 ಪ್ರತಿಶತ. ಸೊಂಟದಲ್ಲಿ ಮರುಕಳಿಸಿದ ಈ ರೋಗದ ನೋವು ಅತಿ ಕ್ರೂರವಾದದ್ದು, ಕೂರಲಾಗದು, ಮಲಗಲಾಗದು.

ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಎಂಬ ಸಾಧಾರಣ ಊರಿನ ಆಸ್ಪತ್ರೆಯಲ್ಲಿ. ಬಿಲ್ ಹೀಲ್ಡ್ ಎಂಬ ಶಸ್ತ್ರವೈದ್ಯರು 1982ರಲ್ಲಿ ಐದು ರೋಗಿಗಳ ಪರೀಕ್ಷೆಯ ವಿವರ ಪ್ರಕಟಿಸಿದರು. ಗಡ್ಡೆಯ ಕೆಳಗಿನ ಕೊಬ್ಬಿನಲ್ಲಿ, ಕೆಲವು ಸೆಂಟಿಮೀಟರ್ ದೂರದವರೆಗೂ, ಕಣ್ಣಿಗೆ ಕಾಣದ ಕ್ಯಾನ್ಸರ್ ಕಣಗಳಿದ್ದವು. ಅಲ್ಲಿಯವರೆಗೆ ಬಹುತೇಕ ವೈದ್ಯರು ಗುದನಾಳದ ಹಿಂಬದಿಗೆ ಕೈಬೆರಳು ತೂರಿಸಿ, ಅಂದಾಜಿನಿಂದ ಎಳೆದು ಬಿಡಿಸುತ್ತಿದ್ದರು. ಹಾಗೆ ಎಳೆದಾಗ ಪೊರೆ ಹರಿದು ಕೊಬ್ಬಿನ ಚೂರುಗಳು ಒಳಗೇ ಉಳಿಯುತ್ತಿದ್ದವು. ಚೂರುಗಳ ಜೊತೆ ಕ್ಯಾನ್ಸರೂ. ಹೀಲ್ಡ್ ಹೇಳಿದ್ದು ಸರಳ: ಕಣ್ಣಿಗೆ ಕಾಣುವಂತೆ, ಚೂಪಾದ ಸಲಕರಣೆಯಿಂದ, ಕೊಬ್ಬಿನ ಹೊದಿಕೆಯ ಪೊರೆಗೆ ಗಾಯವಾಗದಂತೆ ಇಡಿಯಾಗಿ ತೆಗೆಯಿರಿ. ಇದೇ ಟೋಟಲ್ ಮೆಸೋರೆಕ್ಟಲ್ ಎಕ್ಸಿಷನ್, ಚಿಕ್ಕದಾಗಿ ಟಿಎಂಇ.

ಆಪರೇಶನ್ ಥಿಯೇಟರಿನಲ್ಲಿ ಅದು ಹೇಗೆ ಕಾಣುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಸಹಾಯಕರು ಗುದನಾಳವನ್ನು ಮುಂದಕ್ಕೆ, ಮೇಲಕ್ಕೆ ಎಳೆದು ಹಿಡಿಯುತ್ತಾರೆ. ಹಿಂಬದಿಯಲ್ಲಿ, ಕೊಬ್ಬಿನ ಹೊಳೆಯುವ ಪೊರೆಗೂ ತ್ರಿಕಾಸ್ಥಿಯ ಮುಂದಿನ ಪೊರೆಗೂ ನಡುವೆ, ಬಿಳಿಯ ನವಿರಾದ ಎಳೆಗಳು ಬಿಗಿಯುತ್ತವೆ. ಆ ಎಳೆಗಳಲ್ಲಿ ರಕ್ತನಾಳವಿಲ್ಲ, ಆದ್ದರಿಂದ ರಕ್ತವೂ ಒಸರುವುದಿಲ್ಲ. ಕಿತ್ತಳೆ ತೊಳೆಯ ಸಿಪ್ಪೆ ಹರಿಯದ ಹಾಗೆ ತೊಳೆಯಿಂದ ತೊಳೆ ಬಿಡಿಸುವ ಕೈಯಲ್ಲಿ ಎಂಥ ಎಚ್ಚರ ಇರುತ್ತದೋ ಅಂಥದೇ ಎಚ್ಚರದಿಂದ ಶಸ್ತ್ರವೈದ್ಯರು ಒಂದೊಂದೇ ಎಳೆ ಕತ್ತರಿಸುತ್ತ ಆಳಕ್ಕಿಳಿಯುತ್ತಾರೆ. ಎಡಕ್ಕೊಂದು, ಬಲಕ್ಕೊಂದು ಮಾಸಲು ಬಿಳಿ ನರ ಕಾಣುತ್ತದೆ. ಮೂತ್ರದ ಹಿಡಿತ, ದಾಂಪತ್ಯ ಸುಖ ಈ ನರಗಳ ಕೈಯಲ್ಲಿದೆ. ಪದರ ತಪ್ಪಿ ಅರ್ಧ ಸೆಂಟಿಮೀಟರ್ ಹೊರಗೆ ಹೋದರೆ ನರ ಹೋಯಿತು. ಅಷ್ಟೇ ಒಳಗೆ ಹೋದರೆ ಕ್ಯಾನ್ಸರ್ ಉಳಿಯಿತು. ಸರಿಯಾಗಿ ಬಿಡಿಸಿದ ಭಾಗ ಮೇಜಿನ ಮೇಲೆ ಬಂದಾಗ ಅದರ ಹಿಂಬದಿ ನುಣುಪಾಗಿ ಮಿಂಚುತ್ತದೆ, ಎಲ್ಲಿಯೂ ಗುಳಿ ಬಿದ್ದಿರುವುದಿಲ್ಲ.

ಆಮೇಲೆ ಕೆಲಸ ಪ್ಯಾಥಾಲಜಿ ವೈದ್ಯರದು. ಅವರು ಆ ಪೊರೆಗೆ ಶಾಯಿ ಬಳಿದು, ಇಡೀ ಭಾಗವನ್ನು ಅಡ್ಡಡ್ಡ ಹೋಳು ಮಾಡಿ, ಗಡ್ಡೆಗೂ ಶಾಯಿಯ ಅಂಚಿಗೂ ಎಷ್ಟು ಮಿಲಿಮೀಟರ್ ದೂರ ಎಂದು ಅಳೆಯುತ್ತಾರೆ. ಬೆರಳಿನಿಂದ ಕೊಬ್ಬನ್ನು ಹಿಸುಕಿ ಹಿಸುಕಿ ಗ್ರಂಥಿಗಳನ್ನು ಹುಡುಕುತ್ತಾರೆ. ಹೊರ ಅಂಚಿನ ಈ ಅಳತೆಯ ಮಹತ್ವವನ್ನು ಜಗತ್ತಿಗೆ ತಿಳಿಸಿದವರು ಇಂಗ್ಲೆಂಡಿನ ಲೀಡ್ಸ್ ನಗರದ ಫಿಲ್ ಕ್ವರ್ಕ್. 1986ರ ಅವರ ವರದಿಯಲ್ಲಿ 52 ರೋಗಿಗಳ ಪೈಕಿ 14 ಜನರ ಅಂಚಿನಲ್ಲಿ ಕ್ಯಾನ್ಸರ್ ಇತ್ತು. ಆ 14ರಲ್ಲಿ 12 ಜನರಿಗೆ ಸೊಂಟದಲ್ಲಿ ಮರುಕಳಿಸಿತು. ಹೀಲ್ಡ್ ಅವರ ಸ್ವಂತ ಲೆಕ್ಕದಲ್ಲಾದರೋ, ಪೂರ್ಣ ಗುಣವಾಗಲೆಂದು ಮಾಡಿದ 405 ಶಸ್ತ್ರಕ್ರಿಯೆಗಳಲ್ಲಿ ಐದು ವರ್ಷಕ್ಕೆ ಸ್ಥಳೀಯ ಮರುಕಳಿಕೆ 3 ಪ್ರತಿಶತ, ಹತ್ತು ವರ್ಷಕ್ಕೆ 4.

ಒಬ್ಬ ನುರಿತ ವೈದ್ಯನ ಕೈಗುಣ ಎಂದು ಇದನ್ನು ಬದಿಗೆ ಸರಿಸಬಹುದಿತ್ತು. ಸ್ಕ್ಯಾಂಡಿನೇವಿಯಾದವರು ಹಾಗೆ ಮಾಡಲಿಲ್ಲ, ಮತ್ತು ಇಡೀ ಕತೆಯಲ್ಲಿ ಅತ್ಯಂತ ದೊಡ್ಡ ಸಾಧನೆ ಅವರದೇ ಎನ್ನಬೇಕು. ನಾರ್ವೆ 1993ರಲ್ಲಿ ರಾಷ್ಟ್ರೀಯ ಯೋಜನೆ ಹಾಕಿ ಶಸ್ತ್ರವೈದ್ಯರಿಗೆ ಈ ವಿಧಾನ ಕಲಿಸಿತು. ಪ್ರತಿ ರೋಗಿಯ ವಿವರ ದಾಖಲಿಸಿತು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಹೀಲ್ಡ್ ಅವರನ್ನೇ ಕರೆಸಿ, ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಪರದೆಯ ಮೇಲೆ ತೋರಿಸಿ ಕಲಿಸಿದರು. ಅಲ್ಲಿ 15 ಪ್ರತಿಶತದ ಆಸುಪಾಸಿನಲ್ಲಿದ್ದ ಮರುಕಳಿಕೆ 6ಕ್ಕೆ ಇಳಿಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ; ಕಲಿತ ಕೈಗಳು ಮಾತ್ರ.

ಶಸ್ತ್ರಕ್ರಿಯೆ ಸರಿಯಾದ ಮೇಲೂ ರೇಡಿಯೇಶನ್ ಬೇಕೇ? ಡಚ್ಚರು 1861 ರೋಗಿಗಳನ್ನು ಸೇರಿಸಿಕೊಂಡು ಪರೀಕ್ಷಿಸಿದರು. ಎರಡು ವರ್ಷಕ್ಕೆ ಮರುಕಳಿಕೆ ಟಿಎಂಇ ಒಂದೇ ಆದವರಲ್ಲಿ 8.2 ಪ್ರತಿಶತ, ಮೊದಲು ರೇಡಿಯೇಶನ್ ಪಡೆದವರಲ್ಲಿ 2.4. ಜರ್ಮನರ 2004ರ ವರದಿ, ಕೀಮೋ ಸಹಿತ ರೇಡಿಯೇಶನ್ ಅನ್ನು ಶಸ್ತ್ರಕ್ರಿಯೆಗಿಂತ ಮೊದಲು ಕೊಟ್ಟರೆ 6, ಆಮೇಲೆ ಕೊಟ್ಟರೆ 13 ಪ್ರತಿಶತ ಎಂದಿತು. ಎಂಆರ್‌ಐ ನೋಡಿ ಮೊದಲೇ ಯೋಜನೆ ಹಾಕುವ ಇಂದಿನ ರೂಢಿಗೆ ಇವೆಲ್ಲ ಆಧಾರ.

ಈಗ ಮೂರನೆಯ ವಿಷಯ, ಪಕ್ಕದ ಗ್ರಂಥಿಗಳು. ಟಿಎಂಇ ಪೊರೆಯೊಳಗಿನದನ್ನೆಲ್ಲ ತೆಗೆಯುತ್ತದೆ. ಪೊರೆಯ ಹೊರಗೆ, ಸೊಂಟದ ಗೋಡೆಗೆ ಅಂಟಿಕೊಂಡ ಗ್ರಂಥಿಗಳ ಗತಿ ಏನು? ಯುರೋಪಿನವರು ಅಲ್ಲಿ ರೋಗ ಇದ್ದರೆ ಅದನ್ನು ದೂರ ಹರಡಿದ್ದೆಂದೇ ಬಗೆದು, ರೇಡಿಯೇಶನ್ನಿಗೆ ಬಿಟ್ಟರು. ಜಪಾನಿನ ಶಸ್ತ್ರವೈದ್ಯರು ನರಗಳನ್ನು ಉಳಿಸಿಕೊಂಡು ಆ ಗ್ರಂಥಿಗಳನ್ನೂ ಬಿಡಿಸಿ ತೆಗೆಯುವ ಕಸುಬನ್ನು ದಶಕಗಳ ಕಾಲ ಬೆಳೆಸಿದರು. ಕೊನೆಗೆ 701 ರೋಗಿಗಳ ಪರೀಕ್ಷೆಯನ್ನು ಅವರೇ ನಡೆಸಿದರು. ಎಂಆರ್‌ಐ ಅಥವಾ ಸಿಟಿಯಲ್ಲಿ ಪಕ್ಕದ ಗ್ರಂಥಿ ದೊಡ್ಡದಾಗಿ ಕಾಣದವರು ಇವರೆಲ್ಲ. ಪಕ್ಕದ ಗ್ರಂಥಿಗಳನ್ನೂ ತೆಗೆದವರಲ್ಲಿ ಸ್ಥಳೀಯ ಮರುಕಳಿಕೆ 7.4 ಪ್ರತಿಶತ, ತೆಗೆಯದವರಲ್ಲಿ 12.6. ಆದರೆ ರೋಗವಿಲ್ಲದೆ ಬದುಕಿದವರ ಪ್ರಮಾಣ ಎರಡೂ ಕಡೆ 73ರ ಆಸುಪಾಸು, ಒಂದೇ. ಶಸ್ತ್ರಕ್ರಿಯೆಯ ಸಮಯ ಮಾತ್ರ ಸರಾಸರಿ 254 ನಿಮಿಷದಿಂದ 360ಕ್ಕೆ ಏರಿತ್ತು, ರಕ್ತವೂ ಹೆಚ್ಚು ಹೋಗಿತ್ತು.

ವಾದ ಅಲ್ಲಿಗೆ ಮುಗಿಯಲಿಲ್ಲ. 2019ರಲ್ಲಿ ಹಲವು ದೇಶಗಳ 1216 ರೋಗಿಗಳ ದಾಖಲೆ ಒಟ್ಟುಗೂಡಿಸಿದಾಗ, ಚಿಕಿತ್ಸೆಗೆ ಮುಂಚೆ ಪಕ್ಕದ ಗ್ರಂಥಿ 7 ಮಿಲಿಮೀಟರ್ ಅಥವಾ ಹೆಚ್ಚು ಇದ್ದವರಿಗೆ ರೇಡಿಯೇಶನ್ ಕೊಟ್ಟು ಟಿಎಂಇ ಮಾಡಿದರೂ, ಆ ಪಕ್ಕದ ಜಾಗದಲ್ಲಿ 19.5 ಪ್ರತಿಶತ ಮರುಕಳಿಸಿದ್ದು ಕಂಡಿತು. ಗ್ರಂಥಿಗಳನ್ನೂ ತೆಗೆದಿದ್ದವರಲ್ಲಿ ಅದು 5.7ಕ್ಕೆ ಇಳಿದಿತ್ತು. ಹೀಗಾಗಿ ಎಲ್ಲರಿಗೂ ಪಕ್ಕದ ಗ್ರಂಥಿ ತೆಗೆಯುವುದು ಅನವಶ್ಯಕ, ದೊಡ್ಡ ಗ್ರಂಥಿ ಕಂಡವರಲ್ಲಿ ಬಿಡುವುದು ಅಪಾಯ ಎಂಬಲ್ಲಿಗೆ ವಿವೇಕದ ಮಾತು ಬಂದು ನಿಂತಿದೆ. ಎಂಆರ್‌ಐ ವರದಿಯಲ್ಲಿ ಪಕ್ಕದ ಗ್ರಂಥಿಗಳ ಅಳತೆ ಬರೆಯದೆ ಬಿಟ್ಟಿದ್ದರೆ ಅದನ್ನು ಕೇಳಿ ಬರೆಸಿಕೊಳ್ಳಬೇಕು.

ಕೊಯ್ಯದೆಯೂ ಗುಣವಾಗುವವರಿದ್ದಾರೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಬ್ರೆಜಿಲಿನ ಸಾವೊ ಪಾಲೊ ನಗರದ ಡಾ. ಆಂಜೆಲಿಟಾ ಹಬ್ರ್-ಗಾಮಾ 2004ರಲ್ಲಿ 265 ರೋಗಿಗಳ ವಿವರ ಪ್ರಕಟಿಸಿದರು. ಕೀಮೋ ಮತ್ತು ರೇಡಿಯೇಶನ್ನಿನಿಂದಲೇ 71 ಜನರ ಗಡ್ಡೆ ಕಣ್ಮರೆಯಾಗಿತ್ತು. ಅವರಿಗೆ ಶಸ್ತ್ರಕ್ರಿಯೆ ಮಾಡದೆ ಕಟ್ಟುನಿಟ್ಟಾಗಿ ತಪಾಸಣೆ ಮಾಡುತ್ತ ಬಂದರು. 2022ರಲ್ಲಿ ನ್ಯೂಯಾರ್ಕಿನಿಂದ, ಒಂದು ವಿಶಿಷ್ಟ ಜೀನ್ ದೋಷವಿದ್ದ 12 ರೋಗಿಗಳಲ್ಲಿ ಡೊಸ್ಟಾರ್ಲಿಮ್ಯಾಬ್ ಎಂಬ ಔಷಧದಿಂದಲೇ ಎಲ್ಲರ ಗಡ್ಡೆಯೂ ಕರಗಿದ ಸುದ್ದಿ ಬಂತು. ಆ ದೋಷ ಇರುವವರು ಕೆಲವೇ ಜನ. ಆದರೂ ಗಡ್ಡೆಯ ತುಣುಕಿನ ಪರೀಕ್ಷೆಯಲ್ಲಿ ಅದನ್ನು ನೋಡಿಸುವುದು ಒಳ್ಳೆಯದು. ಕಾಯುವ ದಾರಿ ಹಿಡಿದವರು ತಿಂಗಳು ತಪ್ಪಿಸದೆ ತಪಾಸಣೆಗೆ ಬರಬೇಕು. ಸುಗ್ಗಿ, ಜಾತ್ರೆ, ಕಬ್ಬು ಕಡಿಯುವ ಹಂಗಾಮು ಎಂದು ಮುಂದೂಡುವ ಮನೆಯವರಿಗೆ ಆ ದಾರಿ ಹೇಳುವಾಗ ವೈದ್ಯರು ಇದನ್ನು ಎಣಿಸಬೇಕಾಗುತ್ತದೆ.

ಇನ್ನು ಕೊನೆಯ ಭಾಗಕ್ಕೆ, ನಮ್ಮ ಊರುಗಳಿಗೆ ಬರೋಣ.

ಈ ಸೀಮೆಯಲ್ಲಿ ದೊಡ್ಡ ವಿಳಂಬ ಆಗುವುದು ಆಸ್ಪತ್ರೆಯ ಬಾಗಿಲಿಗೆ ಬರುವ ಮುಂಚೆ. ಸಂಡಾಸಿನಲ್ಲಿ ರಕ್ತ ಬಿದ್ದರೆ ಮನೆಯವರೆಲ್ಲರ ತೀರ್ಪು ಒಂದೇ: ಮೂಲವ್ಯಾಧಿ. ಬಸ್ ಸ್ಟ್ಯಾಂಡಿನ ಗೋಡೆಗಳ ತುಂಬ ಅದರದೇ ಜಾಹೀರಾತು. ಪುಡಿ, ಮುಲಾಮು, ಕ್ಷಾರಸೂತ್ರ, ಕಡೆಗೆ ಯಾರದೋ ಚುಚ್ಚುಮದ್ದು ಎನ್ನುವಷ್ಟರಲ್ಲಿ ಆರು ತಿಂಗಳು ಕಳೆದಿರುತ್ತವೆ. ಕೈಗವಸು ತೊಟ್ಟು, ಬೆರಳಿಗೆ ಜೆಲ್ ಹಚ್ಚಿ ಗುದದ ಒಳಗೆ ಮುಟ್ಟಿ ನೋಡುವ ಪರೀಕ್ಷೆಗೆ ಒಂದು ನಿಮಿಷ ಸಾಕು. ಕೆಳಭಾಗದ ಬಹಳಷ್ಟು ಗಡ್ಡೆಗಳು ಆ ಬೆರಳಿಗೇ ಸಿಗುತ್ತವೆ. ರೋಗಿಗೆ ಸಂಕೋಚ, ವೈದ್ಯರಿಗೆ ಅವಸರ. ಹೀಗಾಗಿ ಆ ಒಂದು ನಿಮಿಷದ ಕೆಲಸ ನಿಂತುಹೋಗುತ್ತದೆ. ರಕ್ತದ ಜೊತೆ ಲೋಳೆ ಹೋಗುವುದು, ಹೋಗಿಬಂದ ಮೇಲೂ ಇನ್ನೂ ಹೋಗಬೇಕೆನಿಸುವುದು, ಮಲದ ರೂಢಿ ವಾರಗಟ್ಟಲೆ ಬದಲಾಗುವುದು, ರಕ್ತಹೀನತೆ. ಇವು ಇದ್ದರೆ ಮೂಲವ್ಯಾಧಿ ಇದ್ದರೂ ಸರಿಯೇ, ಒಳಗೆ ದುರ್ಬೀನು ಹಾಕಿ ನೋಡಲೇಬೇಕು.

ವಯಸ್ಸಾದವರ ರೋಗ ಎಂಬ ಸಮಾಧಾನವೂ ನಮಗೆ ಸಲ್ಲದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಪ್ರಕಟಿಸಿದ ಸರಣಿಯಲ್ಲಿ ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್ ರೋಗಿಗಳ ಸರಾಸರಿ ವಯಸ್ಸು 47ರ ಸುಮಾರು. ಪಶ್ಚಿಮದ ದೇಶಗಳಲ್ಲಿ ಅದು ಅರವತ್ತರ ಮೇಲೆ. ನಮ್ಮಲ್ಲಿ ಅಲ್ಲಿಗಿಂತ ಹೆಚ್ಚಾಗಿ ಕಾಣುವ ಉಂಗುರಕೋಶದ ಮಾದರಿಯ ಕ್ಯಾನ್ಸರ್ ಗ್ರಂಥಿಗಳಿಗೆ ಬೇಗ ಹರಡುವ ಜಾತಿಯದು. ಹೊಲ ಉಳುವ, ಮಕ್ಕಳನ್ನು ಓದಿಸುವ ವಯಸ್ಸಿನವರೇ ನಮ್ಮ ರೋಗಿಗಳು.

ಮಿರಜಿನಲ್ಲಿ ಇಂದು 1962ರ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವಿದೆ, ರೇಡಿಯೇಶನ್ ಕೊಡುವ ಕ್ಯಾನ್ಸರ್ ಆಸ್ಪತ್ರೆಗಳಿವೆ. ಚಿಕಿತ್ಸೆಗೆ ಮುಂಬಯಿಗೇ ಹೋಗಬೇಕೆಂದಿಲ್ಲ. ಆದರೆ ಎಲ್ಲಿಯೇ ಆಗಲಿ ಮನೆಯವರು ಕೆಲವು ಪ್ರಶ್ನೆ ಕೇಳಬೇಕು. ಶಸ್ತ್ರಕ್ರಿಯೆಗೆ ಮುಂಚೆ: ಎಂಆರ್‌ಐ ಆಯಿತೇ, ಗಡ್ಡೆ ಪೊರೆಯಿಂದ ಎಷ್ಟು ದೂರವಿದೆ, ಮೊದಲು ರೇಡಿಯೇಶನ್ ಬೇಕೇ, ಶಸ್ತ್ರವೈದ್ಯರು ಈ ಶಸ್ತ್ರಕ್ರಿಯೆಯನ್ನು ವರ್ಷಕ್ಕೆ ಎಷ್ಟು ಮಾಡುತ್ತಾರೆ. ಆಮೇಲೆ: ಎಷ್ಟು ಗ್ರಂಥಿ ಸಿಕ್ಕವು, ಎಷ್ಟರಲ್ಲಿ ರೋಗವಿತ್ತು, ಹೊರ ಅಂಚು ಸ್ವಚ್ಛವೇ, ಪೊರೆ ಅಖಂಡವಾಗಿತ್ತೇ. ಹೀಗೆ ಕೇಳುವುದು ವೈದ್ಯರಿಗೆ ಅಗೌರವವಲ್ಲ. ಒಳ್ಳೆಯ ಶಸ್ತ್ರವೈದ್ಯರು ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರಿಸುತ್ತಾರೆ. ಲ್ಯಾಪರೋಸ್ಕೋಪಿಯೋ ರೋಬಾಟೋ ಎಂಬ ಪ್ರಶ್ನೆಗೆ ಜನ ಕೊಡುವ ಮಹತ್ವದಲ್ಲಿ ಅರ್ಧವನ್ನಾದರೂ ಇವುಗಳಿಗೆ ಕೊಟ್ಟರೆ ಒಳ್ಳೆಯದು.

ಹೊಟ್ಟೆಯ ಮೇಲಿನ ಮಲದ ಚೀಲದ ವಿಷಯಕ್ಕೆ ಹೆದರಿ ಆಸ್ಪತ್ರೆಯಿಂದ ಎದ್ದುಹೋದವರೂ ಇದ್ದಾರೆ. ಬಹಳಷ್ಟು ಜನರಿಗೆ ಅದು ಜೋಡಣೆ ಮಾಯುವವರೆಗೆ, ಕೆಲವು ತಿಂಗಳ ಮಟ್ಟಿಗೆ ಮಾತ್ರ. ಶಾಶ್ವತವಾದರೂ ಹೊಲಮನೆ ಕೆಲಸ ಮಾಡಿಕೊಂಡು ಇರಬಹುದು. ಅದರ ಜಾಗವನ್ನು ಶಸ್ತ್ರಕ್ರಿಯೆಯ ಹಿಂದಿನ ದಿನ, ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಗುರುತು ಹಾಕಬೇಕು; ಧೋತರದ ಗಂಟು, ಸೀರೆಯ ನಿರಿ ಬರುವ ಜಾಗ ಬಿಡಬೇಕು. ಕೆಳಮಟ್ಟದಲ್ಲಿ ಜೋಡಿಸಿಕೊಂಡವರಿಗೆ ದಿನಕ್ಕೆ ಆರೆಂಟು ಸಲ ಸಂಡಾಸಿಗೆ ಓಡಬೇಕಾಗುವ ತೊಂದರೆ ತಿಂಗಳುಗಟ್ಟಲೆ ಇರುತ್ತದೆ. ಜತ್ತ ತಾಲೂಕಿನಂಥ ನೀರಿಲ್ಲದ ಊರಿನ ರೋಗಿಗೆ ಇದು ಸಣ್ಣ ಮಾತಲ್ಲ. ಗುದದ್ವಾರ ಉಳಿಸುವುದೋ ಚೀಲವೋ ಎಂದು ನಿರ್ಧರಿಸುವ ಮುಂಚೆ ಆ ಮನೆಯಲ್ಲಿ ಸಂಡಾಸು ಎಷ್ಟು ದೂರ, ನೀರು ಎಲ್ಲಿಂದ ಎಂದು ವೈದ್ಯರು ಕೇಳಬೇಕು.

ಶಸ್ತ್ರಕ್ರಿಯೆ ಮುಗಿದ ಮೇಲೆ ಮೊದಲ ಎರಡು ಮೂರು ವರ್ಷ, ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ಮತ್ತು ಸಿಇಎ ಎಂಬ ರಕ್ತಪರೀಕ್ಷೆ, ನಿಯಮಿತ ಸಿಟಿ ಸ್ಕ್ಯಾನ್, ಒಂದು ವರ್ಷಕ್ಕೆ ಕೊಲೊನೊಸ್ಕೋಪಿ. ಐದು ವರ್ಷದವರೆಗೆ ಈ ನಿಗಾ ಬಿಡುವಂತಿಲ್ಲ. ರೋಗಿಯ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ತಮ್ಮ 40ನೆಯ ವಯಸ್ಸಿಗೆ, ಇಲ್ಲವೇ ರೋಗಿಗೆ ಕ್ಯಾನ್ಸರ್ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆ ಬರುತ್ತದೋ ಆಗ ಕೊಲೊನೊಸ್ಕೋಪಿ ಮಾಡಿಸಿಕೊಳ್ಳಬೇಕು. ತಂದೆಗೆ 44ಕ್ಕೆ ಕಾಣಿಸಿಕೊಂಡಿದ್ದರೆ ಮಗನಿಗೆ, ಮಗಳಿಗೆ 34ಕ್ಕೇ ಆ ಪರೀಕ್ಷೆ ಆಗಬೇಕು.